ಬರದ ಸೀಮೆಯ ಅಂಗಳಕ್ಕೆ ಲೋಳೆಸರದ ಹಸಿರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮನೆಗಳಲ್ಲಿ ಹೂಕುಂಡಗಳನ್ನಿಡುವ ಆಸೆಗೆ ಕೊರತೆಯಿಲ್ಲ, ಕೊರತೆಯಿರುವುದು ನೀರಿಗೆ. ಬೇಸಿಗೆಯಲ್ಲಿ ಕೊಡದ ಲೆಕ್ಕವಿಟ್ಟು ನೀರು ಬಳಸುವ ತಾಯಂದಿರು ಗುಲಾಬಿಯನ್ನು ಸಾಕುವುದೆಂತು? ಅಂಥ ಮನೆಗಳಿಗೆ ಎಲೆ, ಕಾಂಡಗಳಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಗಳೇ ತಕ್ಕವೆಂದು ನಾವು ಭಾವಿಸುತ್ತೇವೆ.

ಇವಕ್ಕಾಗಿ ನಗರದ ನರ್ಸರಿಗೆ ಹಣ ಸುರಿಯಬೇಕಿಲ್ಲ. ಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕಿದ ಲೋಳೆಸರ (ದೃಷ್ಟಿಯ ಮಾತು ಅತ್ತ ಇರಲಿ) ಮಣ್ಣಿಲ್ಲದೆಯೂ ಬಹುದಿನ ಹಸಿರಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಇಂಥ ಗಿಡಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ಬಿಸಿಲಲ್ಲಿ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುವುದರಿಂದ ಒಳಗಿನ ತೇವ ಬೇಗನೆ ಆರದು. ಕಾಡುಬಸಳೆಯ ಎಲೆಯೊಂದನ್ನು ಮಣ್ಣಿನ ಮೇಲಿಟ್ಟರೆ ಅದರ ಅಂಚಿನಿಂದಲೇ ಮರಿಗಳು ಮೂಡುತ್ತವೆ. ಮಕ್ಕಳಿಗೆ ಇದೊಂದು ಸೋಜಿಗ. ಮಂಗರವಳ್ಳಿಯನ್ನು ಕಟ್ಟೆಯ ಕಂಬಕ್ಕೆ ಹಬ್ಬಿಸಬಹುದು.

ಆದರೆ ನಮ್ಮ ಎರೆಮಣ್ಣೇ ಇವಕ್ಕೆ ವೈರಿ. ತೇವವನ್ನು ಬಹುಕಾಲ ಹಿಡಿದಿಡುವ ಅದರ ಗುಣ ಹಿಂಗಾರಿ ಜೋಳಕ್ಕೆ ವರವಾದರೆ, ಕುಂಡದಲ್ಲಿ ಇವುಗಳ ಬೇರನ್ನು ಕೊಳೆಸುತ್ತದೆ. ಬರಕ್ಕೆ ಸಾಯದ ಗಿಡ ಅಕ್ಕರೆಯಿಂದ ದಿನವೂ ಸುರಿದ ನೀರಿಗೆ ಸಾಯುತ್ತದೆ. ಆದ್ದರಿಂದ ಅರ್ಧಪಾಲು ಉಸುಕು, ಇಟ್ಟಂಗಿಯ ಚೂರು ಬೆರೆಸಬೇಕು. ಕುಂಡದ ತಳಕ್ಕೆ ತೂತಿರಬೇಕು. ಮಣ್ಣು ಪೂರ್ತಿ ಒಣಗಿದ ಬಳಿಕವೇ ನೀರು. ಡೋಣಿ ಹೊಳೆಯ ಸವಳು ನೀರು ಬೇಡ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಕುಂಡಗಳನ್ನು ಸೂರಿನಡಿ ಸರಿಸಿರಿ.

ಹಾಲು ಸುರಿಸುವ ಕಳ್ಳಿಯನ್ನು ಮಾತ್ರ ಮನೆಯೊಳಗೆ ತರಲಾಗದು. ಆ ಹಾಲು ಕಣ್ಣಿಗೆ ಅಪಾಯಕರ. ಅದು ಹೊಲದ ಬೇಲಿಯಲ್ಲೇ ಇರಲಿ.