ತೂಕದ ಯಂತ್ರಕ್ಕೆ ಕಾಣದ ಗಾಯ

1995ರ ನವೆಂಬರ್ 20ರ ರಾತ್ರಿ ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕುಳಿತಿದ್ದರು. ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದ ಸಂದರ್ಶನದಲ್ಲಿ ರಾಜಕುಮಾರಿ ಡಯಾನಾ ತಮ್ಮನ್ನು ವರ್ಷಗಟ್ಟಲೆ ಕಾಡಿದ ಬುಲಿಮಿಯಾ ಬಗ್ಗೆ ಹೇಳಿಕೊಂಡರು: ಮಿತಿಮೀರಿ ತಿನ್ನುವುದು, ತಿಂದದ್ದನ್ನು ಕಕ್ಕುವುದು. ಕೈಕಾಲುಗಳಿಗೆ ತಾವೇ ಗಾಯ ಮಾಡಿಕೊಂಡದ್ದನ್ನೂ ಅವರು ಮುಚ್ಚಿಡಲಿಲ್ಲ. ಆ ಸಂದರ್ಶನವನ್ನು ವಂಚನೆಯಿಂದ ಗಿಟ್ಟಿಸಲಾಗಿತ್ತೆಂದು 2021ರ ತನಿಖೆ ಹೇಳಿತು. ಆದರೆ ಅವರು ತೋಡಿಕೊಂಡ ಸಂಕಟ ಅದರಿಂದ ಸುಳ್ಳಾಗುವುದಿಲ್ಲ.

ವೈದ್ಯರಿಗೆ ಬುಲಿಮಿಯಾ ಮತ್ತು ಸ್ವಯಂಗಾಯದ ಈ ಜೋಡಿ ಹೊಸದಾಗಿರಲಿಲ್ಲ. ಬುಲಿಮಿಯಾ ನರ್ವೋಸಾವನ್ನು ಲಂಡನ್ನಿನ ಜೆರಾಲ್ಡ್ ರಸೆಲ್ 1979ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದ್ದರು. ಅದೇ ನಗರದ ಮನೋವೈದ್ಯ ಹ್ಯೂಬರ್ಟ್ ಲೇಸಿ, ಬುಲಿಮಿಯಾದ ಜೊತೆಗೆ ಕುಡಿತ, ಮಾದಕವಸ್ತು, ಕಳ್ಳತನ, ಸ್ವಯಂಗಾಯಗಳೂ ಹೆಣೆದುಕೊಂಡಿದ್ದ ರೋಗಿಗಳ ಬಗ್ಗೆ 1993ರಲ್ಲಿ ಬರೆದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದರ ಪ್ರಕಾರ, ಬುಲಿಮಿಯಾ ಇರುವ ಮೂವರಲ್ಲಿ ಒಬ್ಬರು ಸಾಯುವ ಉದ್ದೇಶವಿಲ್ಲದೆ ಒಮ್ಮೆಯಾದರೂ ಗಾಯ ಮಾಡಿಕೊಂಡಿರುತ್ತಾರೆ. ತೂಕ ಏರುವ ಭಯದಿಂದ ಊಟವನ್ನೇ ಕಡಿಮೆ ಮಾಡುವ ಅನೊರೆಕ್ಸಿಯಾದಲ್ಲಿ ಈ ಪ್ರಮಾಣ ಐವರಲ್ಲಿ ಒಬ್ಬರು.

ಅನೊರೆಕ್ಸಿಯಾದ ಲೆಕ್ಕವೇ ನಮ್ಮ ಅವಸರದ ತೀರ್ಪನ್ನು ತಡೆಯಬೇಕು. ತುತ್ತು ತುತ್ತಿಗೂ ಲೆಕ್ಕ ಇಡುವವರು, ಹಸಿವನ್ನೇ ಗೆದ್ದೆವೆಂದುಕೊಂಡವರು ತಮ್ಮ ಮೈಗೇಕೆ ನೋವು ಮಾಡಿಕೊಳ್ಳುತ್ತಾರೆ? ಹಿಡಿತವಿಲ್ಲದ ಸ್ವಭಾವ ಎಂದು ತಳ್ಳಿಹಾಕಿದರೆ ಉತ್ತರ ಸಿಗದು. 2001ರಲ್ಲಿ ವೈಟ್‌ಸೈಡ್ ಮತ್ತು ಲೈನಮ್ ಎಂಬ ಮನಶ್ಶಾಸ್ತ್ರಜ್ಞರು ದುಡುಕುತನವನ್ನೇ ಬಿಡಿಸಿ ನೋಡಿದರು. ಹೊಸದರ ಹುಚ್ಚು ಬೇರೆ, ಯೋಚಿಸದೆ ನಡೆಯುವುದು ಬೇರೆ, ಮನಸ್ಸು ಕುದಿಯುವಾಗ ಅದನ್ನು ತಕ್ಷಣ ಆರಿಸಲು ಏನಾದರೂ ಮಾಡಿಬಿಡುವುದು ಬೇರೆ. ಈ ಕೊನೆಯದೇ ಹೊಟ್ಟೆಬಿರಿಯೆ ತಿನ್ನುವುದಕ್ಕೂ ಸ್ವಯಂಗಾಯಕ್ಕೂ ಹೆಚ್ಚು ಹತ್ತಿರ. ಒಂದು ಗಳಿಗೆ ಒಳಗಿನ ಉರಿ ತಗ್ಗುತ್ತದೆ. ಬೆನ್ನಿಗೇ ನಾಚಿಕೆ ಬರುತ್ತದೆ, ಆ ನಾಚಿಕೆಯೇ ಮುಂದಿನ ಉರಿಗೆ ಸೌದೆಯಾಗುತ್ತದೆ. ಇಂಥವರಿಗೆ ‘ಸ್ವಲ್ಪ ಬಾಯಿ ಕಟ್ಟು’ ಎನ್ನುವುದು ಬುದ್ಧಿಮಾತಲ್ಲ, ಕ್ರೌರ್ಯ.

ಸ್ಥೂಲಕಾಯದವರಿಗೆ ಈ ಮಾತು ದಿನವೂ ಕೇಳುತ್ತದೆ. ಸ್ಥೂಲಕಾಯ ತಾನಾಗಿ ಮನೋರೋಗವಲ್ಲ. ಆದರೆ ತೂಕ ಇಳಿದರೆ ಮನಸ್ಸೂ ಹಗುರಾಗುತ್ತದೆ ಎಂಬ ನಂಬಿಕೆಗೆ ಕೆನಡಾದ ಒಂಟಾರಿಯೋದಿಂದ ಎಚ್ಚರಿಕೆ ಬಂದಿದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ 8,815 ಜನರನ್ನು ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಮೂರು ಮೂರು ವರ್ಷ ಹೋಲಿಸಿದಾಗ, ಸ್ವಯಂಹಾನಿಯಿಂದ ತುರ್ತು ಚಿಕಿತ್ಸೆಗೆ ಬಂದ ಪ್ರಸಂಗಗಳು ನಂತರದ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಹೆಚ್ಚಿದ್ದವು. ಒಟ್ಟು ಸಂಖ್ಯೆ ಸಣ್ಣದು, ಮಧುಮೇಹದಂಥ ಕಾಯಿಲೆಗಳಿಗೆ ಆ ಶಸ್ತ್ರಚಿಕಿತ್ಸೆಯಿಂದ ಆಗುವ ಉಪಕಾರ ದೊಡ್ಡದು. ಆದರೂ ಹೆಚ್ಚಿನ ಪ್ರಸಂಗಗಳು ನಡೆದದ್ದು ಎರಡನೆಯ, ಮೂರನೆಯ ವರ್ಷದಲ್ಲಿ. ತೂಕ ಇಳಿದ ಸಂಭ್ರಮ ತಣಿದ ಮೇಲೂ ವೈದ್ಯರು ಮನಸ್ಸಿನ ಪಾಡು ವಿಚಾರಿಸುತ್ತಿರಬೇಕು.

ದಾರಿ ಇದೆ. ಅಮೆರಿಕದ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ ಎಂಬ ಮಾತಿನ ಚಿಕಿತ್ಸೆ, ಉರಿಯುವ ಗಳಿಗೆಯನ್ನು ಹಾನಿಯಿಲ್ಲದೆ ದಾಟುವ ಕೌಶಲ ಕಲಿಸುತ್ತದೆ. ಸ್ವಯಂಗಾಯಕ್ಕೆಂದು ಬೆಳೆದ ಅದನ್ನು ಅತಿತಿನ್ನುವಿಕೆಗೂ ಒಗ್ಗಿಸಲಾಗಿದೆ. ಹದಿಹರೆಯದಲ್ಲಿ ತಾವೂ ಸ್ವಯಂಗಾಯದ ನೋವು ಉಂಡವರೆಂದು ಲಿನೆಹಾನ್ 2011ರಲ್ಲಿ ಬಹಿರಂಗವಾಗಿ ಹೇಳಿದರು.

ಇಲ್ಲಿ ಭಾರತದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಮಗಾಗಿಯೂ ಮಾಡಬಹುದು, ಮನೆಯ ಮಗಳಿಗಾಗಿಯೂ.