ಭೀಮೆಗಿಂತ ಉದ್ದದ ಸಾಲು

ಜಗತ್ತಿನ ಹಕ್ಕಿಗಳು ವರ್ಷಕ್ಕೆ 40ರಿಂದ 50 ಕೋಟಿ ಟನ್ ಹುಳಹುಪ್ಪಡಿ ತಿನ್ನುತ್ತವೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಮಾರ್ಟಿನ್ ನೈಫೆಲರ್ ಮತ್ತು ಜೊತೆಗಾರರು ಹಾಕಿದ ಲೆಕ್ಕವಿದು. ಕಡಿಮೆ ಅಂಕಿಯನ್ನೇ ಹಿಡಿದು, ಒಂದೇ ದಿನದ ಪಾಲನ್ನು ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೂ 1 ಲಕ್ಷ 9 ಸಾವಿರ ಲಾರಿ ಬೇಕು. ಲಾರಿಗೆ 9 ಮೀಟರಿನಂತೆ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು 980 ಕಿಲೋಮೀಟರ್. ಭೀಮಾಶಂಕರದಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಹಲಸಂಗಿಯ ಸೀಮೆ ಹಾದು, ರಾಯಚೂರಿನ ಕಡೆ ಕೃಷ್ಣೆಗೆ ಕೂಡುವ ಇಡೀ ಭೀಮೆಯ ಉದ್ದ 861 ಕಿಲೋಮೀಟರ್. ನಾಳೆ ಮತ್ತೆ ಅಷ್ಟೇ ಲಾರಿ.

ಇಷ್ಟನ್ನೂ ತಿನ್ನುವ ಹಕ್ಕಿಗಳು ಒಟ್ಟು ತೂಗುವುದು ಸುಮಾರು 30 ಲಕ್ಷ ಟನ್. ಅಂದರೆ ತಮ್ಮ ತೂಕದ 130 ಪಟ್ಟಿಗೂ ಮಿಕ್ಕಿ ಪ್ರತಿ ವರ್ಷ! ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಕಾಡಿನ ಹಕ್ಕಿಗಳ ಪಾಲು.

ನಮ್ಮಲ್ಲಿ ಕಾಡೆಲ್ಲಿದೆ? ವಿಜಯಪುರ ಜಿಲ್ಲೆ ಸುಮಾರು 10,500 ಚದರ ಕಿಲೋಮೀಟರ್. ಕಾಡಿನ ಹೊದಿಕೆ ಅದರ ನೂರನೇ ಒಂದು ಪಾಲೂ ಇಲ್ಲ. ಹಾಗಾಗಿ ಭೀಮೆ, ಕೃಷ್ಣೆ, ಡೋಣಿಯ ದಂಡೆಗುಂಟ ಉಳಿದ ಜಾಲಿ, ಹೊಂಗೆ, ಅತ್ತಿ, ನೇರಳೆಯ ತೆಳ್ಳನೆಯ ಅಂಚೇ ಈ ಬಯಲುಸೀಮೆಯ ಹಕ್ಕಿಗಳಿಗೆ ಕಾಡು. ಪಿಕಳಾರ, ಕುಟ್ರ, ಕೋಗಿಲೆ ಇಲ್ಲಿ ಹಣ್ಣು ತಿಂದು ಬೀಜವನ್ನು ದೂರ ಉದುರಿಸುತ್ತವೆ. ಅತ್ತಿಯ ಒಂದು ಹಣ್ಣಿನಲ್ಲೇ ನೂರಾರು ಬೀಜ. ಯಾರೂ ನೆಡದ ಮರ ಏಳುವುದು ಹೀಗೆ.

ಈ ಅಂಚಿಗೆ ಒತ್ತಡ ಬರುವುದು ಊರಿನಿಂದ. 1901ರಲ್ಲಿ ವಿಜಯಪುರ ಪಟ್ಟಣದಲ್ಲಿ 24 ಸಾವಿರ ಜನರೂ ಇರಲಿಲ್ಲ. 2011ರ ಜನಗಣತಿಯಲ್ಲಿ 3.2 ಲಕ್ಷ ದಾಟಿದ್ದರು. ಊರು ಬೆಳೆದದ್ದನ್ನು ನಾನು ತಪ್ಪೆನ್ನಲಾರೆ, ಜನಕ್ಕೆ ಮನೆ ಬೇಕು, ನೀರು ಬೇಕು. ಆದರೆ ಹೊಳೆಯಿಂದ ಎಷ್ಟೋ ದೂರದ ಶಹರದ ಕೈ ಹೊಳೆದಂಡೆಯವರೆಗೆ ಚಾಚುತ್ತದೆ: ಕುಡಿಯುವ ನೀರು ಕೊಲ್ಹಾರದ ಕೃಷ್ಣೆಯಿಂದ, ಸ್ಲ್ಯಾಬಿನ ಮರಳು ಹೊಳೆಯ ಒಡಲಿಂದ. ಶಹರದೊಳಗೆ ಪಾರಿವಾಳ, ಕಾಗೆ ಹೆಚ್ಚುತ್ತವೆ. ಪಾರಿವಾಳ ಕಾಳು ತಿನ್ನುವ ಹಕ್ಕಿ, ಹುಳಕ್ಕೆ ಬಾಯಿ ಹಾಕುವುದು ಅಪರೂಪ. ಕುಟ್ರನಂತೆ ಬೀಜ ಹರಡುವ ಕೆಲಸವನ್ನೂ ಅದು ಮಾಡಲಾರದು. ಹಕ್ಕಿಗಳ ತಲೆ ಎಣಿಸಿದರೆ ನಷ್ಟ ಕಾಣುವುದೇ ಇಲ್ಲ, ಕೆಲಸ ಎಣಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಮರಳಿನ ಮಾತು. 20 ಗ್ರಾಮೂ ತೂಗದ ಕಳ್ಳಿಪೀರ ಕೊಕ್ಕಿನಿಂದ ದಂಡೆಯ ಮಣ್ಣನ್ನು ಮೀಟರ್ ಆಳಕ್ಕೆ ಕೊರೆದು ಮೊಟ್ಟೆ ಇಡುತ್ತದೆ. ರೀವ ಹಕ್ಕಿ ಗೂಡನ್ನೂ ಕಟ್ಟದೆ ಬರಿ ಮರಳ ಮೇಲೆ ಮೊಟ್ಟೆ ಇಡುವುದು ಮಾರ್ಚಿನಿಂದ ಮೇವರೆಗೆ, ಹೊಳೆ ಬತ್ತಿ ಮರಳದಿಬ್ಬ ಮೇಲೆದ್ದಾಗ. ಜೆಸಿಬಿ, ಟ್ರ್ಯಾಕ್ಟರು ಒಡಲಿಗೆ ಇಳಿಯಲು ಅನುಕೂಲವಾಗುವುದೂ ಅದೇ ಮೂರು ತಿಂಗಳು.