ಟಿವಿ ಆನ್ ಮಾಡಿದ ಕೂಡಲೇ ಬರುವ ಚಾನೆಲ್ ಯಾರ ಆಯ್ಕೆ?

ರಾತ್ರಿ ಅಮ್ಮ ಧಾರಾವಾಹಿ ನೋಡಿ ಟಿವಿ ಆಫ್ ಮಾಡಿರುತ್ತಾರೆ. ಬೆಳಿಗ್ಗೆ ಆನ್ ಮಾಡಿದರೆ ಯಾರೂ ಕೇಳದ ನ್ಯೂಸ್ ಚಾನೆಲ್ಲೊಂದು ಕಿರುಚುತ್ತಾ ಬರುತ್ತದೆ. ಇದು ರಿಮೋಟಿನ ತಪ್ಪಲ್ಲ. ಇದಕ್ಕೆ 'ಲ್ಯಾಂಡಿಂಗ್ ಪೇಜ್' ಅಂತಾರೆ. ಕೆಲವು ವರ್ಷ ಕೇಬಲ್ ಹೆಡ್‌ಎಂಡ್‌ನಲ್ಲಿ ವಿಡಿಯೊ ಎಂಜಿನಿಯರ್ ಆಗಿದ್ದ ನನಗೆ, ಡಿಜಿಟಲ್ ಟಿವಿಯ ರಾಜಕೀಯ ಅರ್ಥವಾಗಿದ್ದು ಇಲ್ಲೇ.

ಮೊದಲು ತಂತ್ರಜ್ಞಾನ ನೋಡೋಣ. ಸ್ಟುಡಿಯೊದಲ್ಲಿ ಸಾಮಾನ್ಯ ಎಸ್‌ಡಿ ಚಿತ್ರಕ್ಕೆ ಸೆಕೆಂಡಿಗೆ 270 ಮೆಗಾಬಿಟ್ ಬೇಕು. ಅಷ್ಟನ್ನು ಮನೆಗೆ ಕಳಿಸಲಾಗದು. ಆ್ಯಂಕರ್ ಹಿಂದಿನ ಗೋಡೆ ಫ್ರೇಮಿನಿಂದ ಫ್ರೇಮಿಗೆ ಬದಲಾಗಲ್ಲ, ಹಾಗಾಗಿ ಬದಲಾದದ್ದನ್ನಷ್ಟೇ ಕಳಿಸಿದರೆ ಸಾಕು. ಎಂಪೆಗ್-2 ಹೀಗೆ ಚಿತ್ರವನ್ನು ಮೂರ್ನಾಲ್ಕು ಮೆಗಾಬಿಟ್‌ಗೆ ಇಳಿಸುತ್ತದೆ. ಎಂಪೆಗ್-4ಗೆ ಸುಮಾರು ಅದರ ಅರ್ಧ ಸಾಕು. ಅನಲಾಗ್ ಕಾಲದಲ್ಲಿ ಒಂದು ಚಾನೆಲ್ ಹೋಗುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಹೋಗುತ್ತವೆ.

ಹೀಗೆ ಕುಗ್ಗಿಸಿದ ಚಾನೆಲ್‌ಗಳನ್ನು 188 ಬೈಟ್‌ಗಳ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಹಚ್ಚಿ, ಒಂದೇ ಪ್ರವಾಹದಲ್ಲಿ ಬೆರೆಸಿ ಕಳಿಸುತ್ತೇವೆ. ಯಾವ ಪೊಟ್ಟಣ ಯಾವ ಚಾನೆಲ್ಲಿನದು, ಯಾವ ಚಾನೆಲ್ಲಿಗೆ ಯಾವ ನಂಬರ್ ಎಂಬ ಪಟ್ಟಿಯೂ ಜೊತೆಗೇ ಹೋಗುತ್ತದೆ. ನಿಮ್ಮ ಸೆಟ್‌ಟಾಪ್ ಬಾಕ್ಸ್ ಆ ಪಟ್ಟಿ ಹೇಳಿದಂತೆ ಕೇಳುತ್ತದೆ. ಪಟ್ಟಿ ಬರೆಯೋದು ಹೆಡ್‌ಎಂಡ್‌ನಲ್ಲಿ. ಬಾಕ್ಸ್ ಆನ್ ಆದಾಗ ಮೊದಲು ಏನು ತೋರಿಸಬೇಕು ಅನ್ನೋ ಸೂಚನೆಯೂ ಅಲ್ಲಿಂದಲೇ. ಎಂಜಿನಿಯರ್‌ಗೆ ಅದು ಸಣ್ಣ ಸೆಟ್ಟಿಂಗ್. ಆದರೆ ಆ ಜಾಗ ಮಾರಾಟಕ್ಕಿದೆ.

ಯಾಕೆ ಕೊಳ್ಳುತ್ತಾರೆ? ಟಿಆರ್‌ಪಿಗಾಗಿ. ಬಾರ್ಕ್ ಸಂಸ್ಥೆ ಚಾನೆಲ್ಲಿನ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುತ್ತದೆ. ಆಯ್ದ ಮನೆಗಳಲ್ಲಿರುವ ಮೀಟರ್ ಅದನ್ನು ದಾಖಲಿಸುತ್ತದೆ. ಆ ಚಾನೆಲ್ ನೀವೇ ಹಾಕಿದ್ದೋ, ತಾನಾಗಿ ಬಂದದ್ದೋ ಮೀಟರ್‌ಗೆ ಗೊತ್ತಾಗಲ್ಲ. ಇಂಥ ಏರಿಕೆಯನ್ನು ಲೆಕ್ಕದಲ್ಲಿ ಸೋಸುವ ವಿಧಾನವನ್ನು ಬಾರ್ಕ್ ಆಮೇಲೆ ತಂದಿತು. ಆದರೂ ಮೊದಲ ಪರದೆಯ ಆಸೆ ಹೋಗಿಲ್ಲ. ರೇಟಿಂಗ್ ಹಿಂದೆ ಜಾಹೀರಾತು, ಜಾಹೀರಾತಿನ ಹಿಂದೆ ಪ್ರಭಾವ ಬರುತ್ತದೆ.

2018ರ ಡಿಸೆಂಬರ್‌ನಲ್ಲಿ ಟ್ರಾಯ್, ರೇಟಿಂಗ್ ಇರುವ ಚಾನೆಲ್‌ಗಳನ್ನು ಲ್ಯಾಂಡಿಂಗ್ ಪೇಜಿನಲ್ಲಿ ಹಾಕಬಾರದು ಎಂದು ನಿರ್ದೇಶನ ಕೊಟ್ಟಿತು. 2019ರಲ್ಲಿ ಟಿಡಿಸ್ಯಾಟ್ ಅದನ್ನು ರದ್ದು ಮಾಡಿತು. ಟ್ರಾಯ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

2011ರ ಕಾನೂನು ತಿದ್ದುಪಡಿಯೊಂದಿಗೆ ಕೇಬಲ್ ಡಿಜಿಟಲ್ ಆಗಲು ಶುರುವಾದಾಗ ಕೇಳಿಬಂದ ಭರವಸೆ, ಎಲ್ಲರಿಗೂ ಜಾಗ ಸಿಗುತ್ತೆ ಅನ್ನೋದು. 2013ರ ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದವು. ಜಾಗವೇನೋ ಹೆಚ್ಚಾಯಿತು. ಆದರೆ ಮೊದಲ ಪರದೆ ಒಂದೇ ಇರೋದು, ಅದು ದುಡ್ಡಿದ್ದವರ ಪಾಲು. ಸಣ್ಣ ಚಾನೆಲ್‌ಗಳು ಪಟ್ಟಿಯ ಎಲ್ಲೋ ತಳದಲ್ಲಿ ಬಿದ್ದಿರುತ್ತವೆ.

ಪರಿಹಾರ ಕಷ್ಟದ್ದೇನಲ್ಲ. ಬಾಕ್ಸ್ ಆನ್ ಆದಾಗ ಕೊನೆಗೆ ನೋಡಿದ ಚಾನೆಲ್ ಬರಲಿ, ಇಲ್ಲವೇ ಚಾನೆಲ್‌ಗಳ ಪಟ್ಟಿ ಬರಲಿ. ಆ ಸೆಟ್ಟಿಂಗ್ ಬದಲಿಸಲು ಎಂಜಿನಿಯರ್‌ಗೆ ಹೆಚ್ಚು ಹೊತ್ತು ಬೇಕಿಲ್ಲ. ಬದಲಿಸು ಅಂತ ಹೇಳುವವರು ಬೇಕು. ಮಾಧ್ಯಮ ಸ್ವಾತಂತ್ರ್ಯದ ಬಗ್ಗೆ ಮಾತಾಡುವ ನಾವು ಈ ಪುಟ್ಟ ಬೇಡಿಕೆಯನ್ನೂ ಪಟ್ಟಿಗೆ ಸೇರಿಸೋಣ.